ಹಳೆಯ ಸಂಚಿಕೆಗಳಲ್ಲಿರುವ ಕಾಡಿನ ಲೆಕ್ಕ

ಮಾನ್ಯ ಸಂಪಾದಕರೇ,

ಮಾಧ್ಯಮ ಸಂಸ್ಥೆ ನಡೆಸುವವರ ಹವ್ಯಾಸಗಳಲ್ಲಿ ಇತಿಹಾಸದ ಓದೂ ವನ್ಯಜೀವಿ ಪ್ರೀತಿಯೂ ಜೊತೆಯಾಗಿರುವುದುಂಟು. ಸಿಎನ್‌ಎನ್ ಸುದ್ದಿವಾಹಿನಿ ಕಟ್ಟಿದ ಟೆಡ್ ಟರ್ನರ್ ಅಮೆರಿಕದಲ್ಲಿ ಲಕ್ಷಾಂತರ ಎಕರೆ ಕೊಂಡು ಬೈಸನ್ ಹಿಂಡುಗಳನ್ನು ಬೆಳೆಸಿದರು. 1997ರಲ್ಲಿ ಅಳಿವಿನಂಚಿನ ಜೀವಿಗಳಿಗೆಂದೇ ನಿಧಿ ಸ್ಥಾಪಿಸಿದರು. ನಮ್ಮಲ್ಲಿ ಅಷ್ಟು ನೆಲ ಯಾರಿಗೂ ಸಿಗದು. ಆದರೆ ಹಳೆಯ ಕನ್ನಡ ಪತ್ರಿಕೆಗಳ ಮುಖ್ಯಸ್ಥರ ಕೈಯಲ್ಲಿ ಬೈಂಡ್ ಮಾಡಿಟ್ಟ ಸಂಚಿಕೆಗಳಿವೆ. ಯಾವ ಊರಲ್ಲಿ ಹುಲಿ ಹೊಡೆದರು, ಎಲ್ಲಿ ಆನೆ ಗದ್ದೆಗಿಳಿಯಿತು ಎಂಬುದೆಲ್ಲ ಜಿಲ್ಲಾ ಸುದ್ದಿಯ ನಾಲ್ಕು ಸಾಲುಗಳಲ್ಲಿ ಉಳಿದಿರುತ್ತದೆ. ಅದನ್ನು ಪಟ್ಟಿ ಮಾಡಿಸಿ ಎಂಬುದು ನಮ್ಮ ಬೇಡಿಕೆ.

ಒಂದು ಘಟನೆಗೆ ಒಂದು ಸಾಲು ಸಾಕು: ಸಂಚಿಕೆಯ ದಿನಾಂಕ, ಪುಟ, ಘಟನೆ ನಡೆದ ದಿನ, ಪ್ರಾಣಿಯ ಹೆಸರು ಅಚ್ಚಾದ ಹಾಗೆಯೇ, ಸಂಖ್ಯೆ, ಊರು, ಅಂದಿನ ತಾಲ್ಲೂಕು, ಇಂದಿನ ತಾಲ್ಲೂಕು. ‘ಅಚ್ಚಾದ ಹಾಗೆಯೇ’ ಎಂಬುದನ್ನು ಒತ್ತಿ ಹೇಳುತ್ತೇವೆ, ಏಕೆಂದರೆ ಎಡವುವುದೇ ಇಲ್ಲಿ. ಹಿಂದಿನ ಇಂಗ್ಲಿಷ್ ವರದಿಗಳಲ್ಲಿ ‘ಚೀತಾ’ ಎಂದಿದ್ದರೆ ಅದು ಬಹಳ ಸಲ ನಮ್ಮ ಚಿರತೆಯೇ. ನಿಜವಾದ ಚೀತಾಕ್ಕೆ ಕನ್ನಡದಲ್ಲಿ ಶಿವಂಗಿ ಎಂಬ ಹೆಸರಿತ್ತು. ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಜೆರ್ಡನ್ 1867ರ ತಮ್ಮ ಸಸ್ತನಿಗಳ ಪುಸ್ತಕದಲ್ಲಿ ಅದರ ಜೊತೆಗೇ ‘ಚಿರ್ಚ’ ಎಂಬ ಹೆಸರನ್ನೂ ಕೊಟ್ಟಿದ್ದಾರೆ. ಚಿರತೆ ಎಂಬ ಮಾತಿಗೆ ಅದೆಷ್ಟು ಹತ್ತಿರ ನೋಡಿ! ಪಟ್ಟಿ ಮಾಡುವವರು ತಾವೇ ‘ತಿದ್ದಿ’ ಬರೆದರೆ, 1952ರಲ್ಲಿ ದೇಶದಿಂದಲೇ ಅಳಿದುಹೋಯಿತೆಂದು ಘೋಷಿಸಲಾದ ಪ್ರಾಣಿಯ ಕೊನೆಯ ಕುರುಹು ಅಳಿಸಿಹೋಗಬಹುದು. ಅಥವಾ ಆ ಪ್ರಾಣಿಯೇ ಇರದಿದ್ದ ಊರಲ್ಲಿ ಅದು ಹುಟ್ಟಿಕೊಳ್ಳಬಹುದು. ಶಿಕಾರಿ ಪುಸ್ತಕಗಳ ‘ಬೈಸನ್’ ಕೂಡ ಟರ್ನರ್ ಸಾಕಿದ ಪ್ರಾಣಿಯಲ್ಲ, ನಮ್ಮ ಕಾಟಿ, ಅಂದರೆ ಕಾಡುಕೋಣ.

ಊರಿನ ಹೆಸರೂ ಸುಲಭವಲ್ಲ. ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಲ್ಲಿನ ಆನೆಗಳ ಹಳೆಯ ದಾಖಲೆಯನ್ನು ಮೈಸೂರು ಗೆಜೆಟಿಯರಿನಲ್ಲಿ (ಸರ್ಕಾರದ ಪ್ರಾಂತ ಮಾಹಿತಿ ಗ್ರಂಥದಲ್ಲಿ) ಹುಡುಕಿ ‘ಇರಲಿಲ್ಲ’ ಎಂದು ತೀರ್ಮಾನಿಸುವುದು ತಪ್ಪು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಕಬಿನಿ, ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ ಊರುಗಳನ್ನು ಹಳೆಯ ನಕಾಶೆಯಲ್ಲೇ ಗುರುತಿಸಬೇಕು.

ಸುದ್ದಿ ಇಲ್ಲವೆಂದರೆ ಪ್ರಾಣಿ ಇರಲಿಲ್ಲವೆಂದಲ್ಲ. ಕೊಂದರೆ ಸರ್ಕಾರದ ಇನಾಮು ಸಿಗುತ್ತಿದ್ದ ಹುಲಿ, ಚಿರತೆ ಸುದ್ದಿಯಾದಷ್ಟು ಪುನುಗು ಬೆಕ್ಕು, ಚಿಪ್ಪುಹಂದಿ ಆಗುತ್ತಿರಲಿಲ್ಲ. ಹುಲಿಯ ಉದ್ದದ ಅಂಕಿಯನ್ನೂ ನಂಬಿ ಕೂರಬೇಡಿ. ಮೂಗು ಮತ್ತು ಬಾಲದ ತುದಿಗೆ ಗೂಟ ಹೊಡೆದು ನೇರ ಅಳೆದದ್ದಕ್ಕೂ ಮೈಮೇಲೆ ಟೇಪು ಹಾಸಿ ಅಳೆದದ್ದಕ್ಕೂ ಹಲವು ಅಂಗುಲ ವ್ಯತ್ಯಾಸ ಬರುತ್ತದೆ.

ಸಂಪುಟಗಳನ್ನು ಸ್ಕ್ಯಾನರಿನ ಗಾಜಿಗೆ ಒತ್ತಿದರೆ ಬೈಂಡಿನ ಬೆನ್ನು ಮುರಿಯುತ್ತದೆ, ಒಣಗಿದ ಕಾಗದ ಅಂಚಿನಿಂದ ಪುಡಿಯಾಗುತ್ತದೆ. ಎರಡೂ ಬದಿಗೆ ಸ್ಪಂಜಿನ ಆಸರೆ ಕೊಟ್ಟು, ಪೂರ್ತಿ ಬಿಡಿಸದೆ, ಮೇಲಿನಿಂದ ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಬೇಕು. ಸವೆದ ಮೊಳೆಯಚ್ಚಿನ ಒತ್ತಕ್ಷರಗಳನ್ನು ಯಂತ್ರ ತಪ್ಪಾಗಿ ಓದುವುದರಿಂದ ಇಬ್ಬರು ಬೇರೆಬೇರೆಯಾಗಿ ಓದಿ ತಾಳೆ ನೋಡಬೇಕು. ಒಂದೇ ಘಟನೆ ಎರಡು ದಿನ ಅಚ್ಚಾಗಿದ್ದರೆ ಒಂದೆಂದೇ ಎಣಿಸಬೇಕು.

ಎಲ್ಲವನ್ನೂ ಒಮ್ಮೆಗೇ ಹಿಡಿಯುವುದು ಬೇಡ. 1970ರಿಂದ 1974ರವರೆಗಿನ ಮೈಸೂರು ಜಿಲ್ಲೆಯ ಸುದ್ದಿಯಿಂದ ತೊಡಗಿ. ಕಾಡಾನೆಗಳನ್ನು ಅಟ್ಟಿ ಹಿಡಿಯುವ ಖೆಡ್ಡಾ ಕಾಕನಕೋಟೆಯಲ್ಲಿ ಕೊನೆಯದಾಗಿ ನಡೆದದ್ದು 1971ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ, ಬಂಡೀಪುರವನ್ನೂ ಒಳಗೊಂಡ ಹುಲಿ ಯೋಜನೆ 1973ರಲ್ಲಿ. ಶಿಕಾರಿಯ ಸುದ್ದಿ ಮೊಕದ್ದಮೆಯ ಸುದ್ದಿಯಾಗಿ ಬದಲಾದದ್ದು ಈ ಐದೇ ವರ್ಷಗಳಲ್ಲಿ. ಒಂದು ಸುದ್ದಿಯನ್ನೂ ಬಿಡದೆ ದಾಖಲಿಸಿ.

— ವನ್ಯಜೀವಿ ದಾಖಲೆಗಳ ಓದುಗರು, ಮೈಸೂರು