ಕೆಲಸ ಬಿಡು, ಆದರೆ ಹೇಳದೆ ಬಿಡಬೇಡ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಈ ಚಿಕನ್ ಅಂಗಡಿಯ ಕೆಲಸ ಬಿಟ್ಟುಬಿಡಲಾ ಅಂತ ನೀನು ಕೇಳಿದ್ದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಕೆಲಸ ಬಿಡು. ಆದರೆ ಮೊನ್ನೆ ರಾತ್ರಿ ಕ್ಲೋಸಿಂಗ್, ಅಂದರೆ ಅಂಗಡಿ ಮುಚ್ಚುವ ಪಾಳಿ, ಮುಗಿಸಿ ಫೋನ್ ಮಾಡಿ ಹೇಳಿದೆಯಲ್ಲ, "ನಾಳೆಯಿಂದ ಹೋಗೋದೇ ಇಲ್ಲ, ಸ್ವಿಚ್ ಆಫ್ ಮಾಡಿ ಊರಿನ ಬಸ್ ಹತ್ತುತ್ತೀನಿ" ಅಂತ, ಹಾಗೆ ಮಾತ್ರ ಬಿಡಬೇಡ. ಫೋನಿನಲ್ಲಿ ಇಷ್ಟೆಲ್ಲ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ನಿನ್ನ ಹೆಸರೂ ಇಲ್ಲ, ಅಂಗಡಿಯ ಹೆಸರೂ ಇಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬಂದು ಶಿವಮೊಗ್ಗದಲ್ಲಿ ಬರ್ಗರ್, ಪಿಜ್ಜಾ, ಚಿಕನ್ ಅಂಗಡಿಗಳಲ್ಲಿ ದುಡಿಯುವ ಹುಡುಗರು ಹುಡುಗಿಯರು ಇದ್ದಾರೆ, ಅವರಿಗೂ ಬೇಕಾಗಬಹುದು.

ಮೊದಲು, ಯಾಕೆ ಬಿಡುತ್ತಿದ್ದೀಯ ಅನ್ನುವುದು ನಿನಗೇ ಸ್ಪಷ್ಟ ಆಗಬೇಕು. ನೀನು ಒಂದೇ ಉಸಿರಿನಲ್ಲಿ ಮೂರು ವಿಷಯ ಹೇಳಿದೆ. ರಾತ್ರಿ ಪಾಳಿ ಸಾಕಾಗಿದೆ, ಶಿಫ್ಟ್ ಮ್ಯಾನೇಜರ್ ಎಲ್ಲರ ಎದುರಿಗೆ ಬಾಯಿಗೆ ಬಂದ ಹಾಗೆ ಮಾತಾಡುತ್ತಾನೆ, ಮತ್ತೆ ಮದುವೆ ಮನೆಯಲ್ಲಿ ನಿನ್ನ ಚಿಕ್ಕಪ್ಪ "ಬಿಎ ಓದಿ ಕೋಳಿ ಕರೀತಾನೆ" ಅಂದರು. ನೋಡು, ಮೂರನೆಯದಕ್ಕೆ ಕೆಲಸ ಬಿಡಬೇಡ. ಅದು ನಿನ್ನ ಕಾರಣ ಅಲ್ಲ, ಅವರದ್ದು. ಎರಡು ವರ್ಷದಿಂದ ನಿನ್ನ ತಂಗಿಯ ಹಾಸ್ಟೆಲ್ ಫೀಸ್ ಕಟ್ಟಿದ್ದು ಆ ಕೋಳಿ ಕರಿದ ದುಡ್ಡೇ. ಎಲೆಚುಕ್ಕೆ ರೋಗ ಬಂದು ಅಡಿಕೆ ತೋಟದ ಫಸಲು ಅರ್ಧಕ್ಕೆ ಇಳಿದ ವರ್ಷ ಮನೆಗೆ ಅಕ್ಕಿ ಬೇಳೆ ಬಂದಿದ್ದೂ ಅದರಿಂದಲೇ. ಮಾತಾಡಿದವರು ಯಾರೂ ಆಗ ಬಂದು ಕೇಳಲಿಲ್ಲ, ಅಲ್ವಾ?

ಪಾಳಿಯ ವಿಷಯ ಬೇರೆ. ಕೆಲಸ ಬಿಡುವ ಮೊದಲು ಕೇಳಿ ನೋಡಬೇಕಾದ ವಿಷಯ ಅದು. ನಿನಗೆ ಕೊಡುತ್ತಿರುವುದು ಬರೀ ಕ್ಲೋಸಿಂಗ್, ಅದೂ ನಡುವೆ ಎರಡು ದಿನ ಬ್ರೇಕ್ ಶಿಫ್ಟ್. ಬೆಳಗ್ಗೆ ನಾಲ್ಕು ಗಂಟೆ ಹೊತ್ತು ದುಡಿತ, ಮತ್ತೆ ಸಂಜೆ ಆರು ಗಂಟೆ ಹೊತ್ತು. ನಡುವಿನ ಹೊತ್ತು ರೂಮಿಗೂ ಹೋಗದ, ನಿದ್ದೆಯೂ ಇಲ್ಲದ ಹೊತ್ತು. ಓಪನಿಂಗ್ ಪಾಳಿ ಕೊಡಿ ಅಂತ ಕೇಳಿದ್ದೀಯ, ಮೇಲಿಂದ ಮೇಲೆ "ಮುಂದಿನ ತಿಂಗಳು ನೋಡೋಣ" ಅಂದರಂತೆ. ಹಾಗಾದರೆ ಆ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ಇನ್ನು ಮ್ಯಾನೇಜರ್ ಮಾತಿನ ವಿಷಯ. ಮನುಷ್ಯ ಅನ್ನೋ ಮರ್ಯಾದೆ ಕೊಡದ ಕಡೆ ಜಾಸ್ತಿ ದಿನ ನಿಂತರೆ ನಾವೂ ಹೊಸ ಹುಡುಗರ ಮೇಲೆ ಹಾಗೇ ಕೂಗಲು ಶುರು ಮಾಡುತ್ತೇವೆ. ನಾನು ಅಡುಗೆ ಲೈನಿನಲ್ಲಿದ್ದಾಗ ಇದನ್ನು ಕಣ್ಣಾರೆ ನೋಡಿದ್ದೇನೆ. ಒಳ್ಳೆಯ ಹುಡುಗರು, ಟೀಮ್ ಲೀಡರ್ ಆದ ಮೇಲೆ ಗುರುತೇ ಸಿಗದ ಹಾಗೆ ಬದಲಾದರು. ನೀನು ಹಾಗೆ ಆಗುವ ಮೊದಲು ಹೊರಗೆ ಬಾ ಅಂತ ನನ್ನ ಆಸೆ.

"ಐದು ವರ್ಷ ಆದರೆ ಗ್ರಾಚ್ಯುಟಿ ಬರುತ್ತೆ, ತಡ್ಕೋ" ಅಂತ ನಿನ್ನ ರೂಮ್‌ಮೇಟ್ ಹೇಳಿದ್ದನ್ನೂ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟನ್ನೂ, ಲೆಕ್ಕ ಹಾಕಿದೆ. ಕಾಯಂ ಕೆಲಸಗಾರರಿಗೆ ಐದು ವರ್ಷ ಆಗಬೇಕು ಅನ್ನೋದು ನಿಜ. ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಹಿಡಿದು. ನಿನ್ನ ಮೂಲ ವೇತನ 12,000 ಅಂದರೆ ಐದು ವರ್ಷಕ್ಕೆ 34,600 ಚಿಲ್ಲರೆ. ಅದನ್ನು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 600 ರೂಪಾಯಿಯೂ ಇಲ್ಲ. ಇಷ್ಟಕ್ಕೆ ಇನ್ನು ಮೂರು ವರ್ಷ ರಾತ್ರಿ ಒಂದೂವರೆಗೆ ಫ್ರೈಯರ್ ತೊಳೆಯುವುದು ಬೇಡ ಮಾರಾಯ.

ಈಗ ಹೇಗೆ ಬಿಡಬೇಕು ಅನ್ನೋದು. ನನಗೆ ಹೆದರಿಕೆ ಇರುವುದು ಇಲ್ಲೇ.

ನಮ್ಮ ಜೊತೆ ಭದ್ರಾವತಿ ಕಡೆಯವನೊಬ್ಬ ಇದ್ದ, ನಿನಗೂ ಒಂದು ಸಲ ಪರಿಚಯ ಮಾಡಿಸಿದ್ದೆ. ಒಂದು ಶನಿವಾರ ರಾತ್ರಿ ಜಗಳ ಆಯಿತು, ಟೋಪಿ ಏಪ್ರನ್ ಲಾಕರಿನಲ್ಲಿ ಇಟ್ಟು ಹೋದವನು ಮತ್ತೆ ಬರಲಿಲ್ಲ. ಜಗಳದಲ್ಲಿ ನ್ಯಾಯ ಅವನ ಕಡೆಗೇ ಇತ್ತು. ಆದರೆ ದಾಖಲೆಯಲ್ಲಿ ಅವನು "ಹೇಳದೆ ಗೈರುಹಾಜರಾದವನು" ಆದ. ಅರ್ಧ ತಿಂಗಳಿಗಿಂತ ಜಾಸ್ತಿ ದುಡಿದ ಸಂಬಳ ನಿಂತುಹೋಯಿತು. ಅನುಭವದ ಪತ್ರ ಸಿಗಲಿಲ್ಲ. ಮುಂದಿನ ಕಡೆ ಕೆಲಸಕ್ಕೆ ಹೋದಾಗ ರಿಲೀವಿಂಗ್ ಲೆಟರ್ (ಹಳೆಯ ಕೆಲಸದಿಂದ ಬಿಡುಗಡೆ ಮಾಡಿದ ಪತ್ರ) ಕೇಳಿದರು, ಅವನ ಹತ್ತಿರ ಏನೂ ಇರಲಿಲ್ಲ, ಹೊಸಬರ ಸಂಬಳಕ್ಕೇ ಸೇರಬೇಕಾಯಿತು. ಮೂರು ವರ್ಷದ ಕಷ್ಟ ಒಂದು ರಾತ್ರಿಯ ಸಿಟ್ಟಿನಲ್ಲಿ ಹೋಯಿತು. ಅವನು ದುಡಿದ ದಿನಗಳ ಸಂಬಳ ಕೇಳಲು ಅವನಿಗೆ ಹಕ್ಕಿತ್ತು, ಆದರೆ ಕೇಳಲು ಹೋಗುವ ಮುಖ ಉಳಿದಿರಲಿಲ್ಲ. ನೀನು ಹಾಗೆ ಮಾಡಬೇಡ ಅಂತ ನಾನು ಬೇಡಿಕೊಳ್ಳುತ್ತೇನೆ.

ಮೊದಲು ನಿನ್ನ ಆಫರ್ ಲೆಟರ್ ಹುಡುಕು. ನೋಟಿಸ್ ಅವಧಿ ಎಷ್ಟು ಅಂತ ಅದರಲ್ಲಿ ಇರುತ್ತದೆ, ಹದಿನೈದು ದಿನವೋ ಒಂದು ತಿಂಗಳೋ. ಮ್ಯಾನೇಜರ್ ಬಾಯಲ್ಲಿ ಹೇಳಿದ್ದನ್ನು ನಂಬಬೇಡ, ಕಾಗದ ನೋಡು. ಆಮೇಲೆ ರಾಜೀನಾಮೆ ಬರಿ. ಅದು ನಾಲ್ಕು ಸಾಲು ಸಾಕು: ಇಂಥ ದಿನದಿಂದ ಕೆಲಸ ಬಿಡುತ್ತಿದ್ದೇನೆ, ನನ್ನ ಕೊನೆಯ ಕೆಲಸದ ದಿನ ಇಂಥದ್ದು, ಬಾಕಿ ಸಂಬಳ ಮತ್ತು ಉಳಿದ ರಜೆಯ ಹಣ ಲೆಕ್ಕ ಮಾಡಿ ಕೊಡಿ, ಅನುಭವದ ಪತ್ರ ಕೊಡಿ. ಜಗಳ, ದೂರು, ಯಾರ ಹೆಸರು, ಯಾವುದೂ ಬೇಡ. ಸಿಟ್ಟು ಬರೆಯಬೇಕು ಅನಿಸಿದರೆ ನನಗೆ ಬರೆದು ಕಳಿಸು, ಎಷ್ಟುದ್ದ ಇದ್ದರೂ ಓದುತ್ತೇನೆ. ರಾಜೀನಾಮೆಯನ್ನು ಮ್ಯಾನೇಜರಿಗೂ ಎಚ್‌ಆರ್‌ಗೂ ಇಮೇಲ್ ಮಾಡು, ನಿನ್ನ ಸ್ವಂತ ಮೇಲ್ ಐಡಿಯಿಂದ. ಕಂಪನಿ ಆ್ಯಪಿನಲ್ಲಿ ಮಾತ್ರ ಹಾಕಿದರೆ ಕೊನೆಯ ದಿನ ಲಾಗಿನ್ ಮುಚ್ಚಿದ ಮೇಲೆ ನಿನ್ನ ಕೈಯಲ್ಲಿ ಏನೂ ಇರುವುದಿಲ್ಲ. ಸಂಬಳದ ಸ್ಲಿಪ್‌ಗಳನ್ನೂ ಇವತ್ತೇ ಇಳಿಸಿಕೊಂಡು ಇಟ್ಟುಕೋ.

ಮೇಲ್ ಕಳಿಸುವ ಮೊದಲು ಮಾತ್ರ ಎದುರಿಗೆ ಹೋಗಿ ಹೇಳು. ಮಧ್ಯಾಹ್ನ ಮೂರರಿಂದ ಐದರ ಒಳಗೆ, ಆರ್ಡರ್ ಕಡಿಮೆ ಇರುವಾಗ. ಶನಿವಾರ ಸಂಜೆ ಸ್ಕ್ರೀನ್ ತುಂಬಾ ಆರ್ಡರ್ ಇದ್ದು, ಡೆಲಿವರಿ ಹುಡುಗರು ಕೌಂಟರ್ ಬಡಿಯುತ್ತಿರುವಾಗ ಹೇಳಿದರೆ ಯಾರೇ ಆದರೂ ಕೂಗುತ್ತಾರೆ. "ಇನ್ನೊಂದು ತಿಂಗಳು ಇರು, ಹಬ್ಬ ಇದೆ" ಅನ್ನುತ್ತಾನೆ, ಖಂಡಿತ ಅನ್ನುತ್ತಾನೆ. ಆ ಕೆಲಸದಲ್ಲಿ ಯಾವಾಗಲೂ ಏನೋ ಒಂದು ಹಬ್ಬ, ರಜೆ, ಮ್ಯಾಚ್ ಇದ್ದೇ ಇರುತ್ತದೆ. ನಿನ್ನ ದಿನಾಂಕ ಬದಲಾಯಿಸಬೇಡ.

ಕಾನೂನು ಸ್ವಲ್ಪ ಗೊತ್ತಿದ್ದರೆ ಮಾತಿನಲ್ಲಿ ಧೈರ್ಯ ಬರುತ್ತದೆ, ಅದಕ್ಕೆ ಹೇಳುತ್ತೇನೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟು ಹೋದವರ ಬಾಕಿ ಸಂಬಳವನ್ನೂ ಎರಡು ಕೆಲಸದ ದಿನಗಳ ಒಳಗೆ ಕೊಡಬೇಕು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವಾರಕ್ಕೊಂದು ರಜೆ, ಓಟಿಗೆ (ಹೆಚ್ಚುವರಿ ದುಡಿದ ಹೊತ್ತಿಗೆ) ಎರಡರಷ್ಟು ಸಂಬಳ ಅಂತ ಇದೆ. ನಿನ್ನ ಓಟಿ ಗಂಟೆಗಳು ಎಲ್ಲಿ ಬರೆದಿವೆ, ಯಾವ ತಿಂಗಳು ಎಷ್ಟು ಬಂತು, ಬಿಡುವ ಮೊದಲು ಕೂತು ಲೆಕ್ಕ ಮಾಡು. ಬಾಕಿ ಕೊಡದೆ ಸತಾಯಿಸಿದರೆ ಶಿವಮೊಗ್ಗದಲ್ಲೇ ಕಾರ್ಮಿಕ ಇಲಾಖೆಯ ಕಚೇರಿ ಇದೆ, ಜೊತೆಗೆ ನಾನು ಬರುತ್ತೇನೆ.

ಪಿಎಫ್ (ಭವಿಷ್ಯ ನಿಧಿ) ಹಣ ಈಗ ತೆಗೆಯಬೇಡ. ನಿನ್ನ ಮೂಲ ವೇತನದಿಂದ ನೂರಕ್ಕೆ 12ರ ಹಾಗೆ ಹಿಡಿದಿದ್ದಾರೆ, ಅಷ್ಟನ್ನೇ ಅವರೂ ಹಾಕಬೇಕು. ನಿನ್ನ ಪಿಎಫ್ ಖಾತೆಯ ಯುಎಎನ್ ನಂಬರ್ ಒಂದೇ, ಎಲ್ಲಿ ಕೆಲಸಕ್ಕೆ ಸೇರಿದರೂ ಅದನ್ನೇ ಕೊಡು. ಹತ್ತು ವರ್ಷದ ಸೇವೆ ಸೇರಿದರೆ ಪಿಂಚಣಿಯ ಹಕ್ಕು ಬರುತ್ತದೆ, ಈಗಿನ ಎರಡು ವರ್ಷವೂ ಅದಕ್ಕೆ ಕೂಡುತ್ತದೆ. ಕೆಲಸ ಬಿಟ್ಟ ದಿನಾಂಕವನ್ನು ಅವರು ಪಿಎಫ್ ಜಾಲತಾಣದಲ್ಲಿ ಹಾಕದೇ ಹೋದರೆ ಎರಡು ತಿಂಗಳಾದ ಮೇಲೆ ನೀನೇ ಹಾಕಬಹುದು.

ಇನ್ನೊಂದು, ನಿನ್ನ ಮುಂಗೈ ಗಾಯ. ಎಣ್ಣೆ ಸೋಸುವಾಗ ಬಿದ್ದಿದ್ದು ಅಂದೆ. ಆ ಎಣ್ಣೆ 170-180 ಡಿಗ್ರಿಯಲ್ಲಿ ಇರುತ್ತದೆ, ಬೇಗ ಮನೆಗೆ ಹೋಗಬೇಕು ಅಂತ ತಣ್ಣಗಾಗುವ ಮೊದಲೇ ಸೋಸುತ್ತಾರೆ, ಕ್ಲೋಸಿಂಗ್ ಹುಡುಗರ ಕೈಯಲ್ಲೆಲ್ಲ ಆ ಕಲೆ ಇರುವುದು ಅದಕ್ಕೇ. ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿದೆ, ಯಾರೂ ಎಲ್ಲೂ ಬರೆದುಕೊಳ್ಳಲಿಲ್ಲ. ಅದನ್ನು ಅಪಘಾತದ ಪುಸ್ತಕದಲ್ಲಿ ಬರೆಸು. ಸಂಬಳ 21,000ದ ಒಳಗೆ ಇರುವ ನಿನಗೆ ಇಎಸ್‌ಐ (ಕಾರ್ಮಿಕರ ವಿಮೆ) ಇದೆ, ತಿಂಗಳು ತಿಂಗಳು ಹಣ ಕಟ್ಟಿದ್ದೀಯ. ಕೆಲಸದ ಜಾಗದಲ್ಲಿ ಆದ ಗಾಯಕ್ಕೆ ಚಿಕಿತ್ಸೆ ಸಿಗುತ್ತದೆ, ರಜೆ ಬೇಕಾದರೆ ಸಂಬಳದ ನೂರಕ್ಕೆ 90ರಷ್ಟು ಅವರೇ ಕೊಡುತ್ತಾರೆ. ನೋಟಿಸ್ ಕೊಡುವ ಮೊದಲೇ ಡಾಕ್ಟರಿಗೆ ತೋರಿಸು. ಇದನ್ನು ಮುಂದಕ್ಕೆ ಹಾಕಬೇಡ.

ದುಡ್ಡಿನ ವಿಷಯ. ಬಿಟ್ಟ ಮೇಲೆ ಖರ್ಚು ಕಡಿಮೆ ಆಗುತ್ತದೆ ಅಂದುಕೊಂಡಿದ್ದೀಯ, ಆಗುವುದಿಲ್ಲ. ಪಾಳಿಯ ಊಟ ಅಂಗಡಿಯಲ್ಲೇ ಆಗುತ್ತಿತ್ತು, ಅದು ನಿಲ್ಲುತ್ತದೆ, ಮೆಸ್ಸಿಗೆ ಹೊಸದಾಗಿ ಕಟ್ಟಬೇಕು. ವಿನೋಬನಗರದ ರೂಮಿನ ಬಾಡಿಗೆಯಲ್ಲಿ ನಿನ್ನ ಪಾಲು, ಮೊಬೈಲ್ ಇಎಂಐ, ಚೀಟಿಯ ಕಂತು, ತಂಗಿಯ ಫೀಸ್. ಮೂರು ತಿಂಗಳಿಗೆ ಆಗುವಷ್ಟು ಕೈಯಲ್ಲಿದೆಯಾ? ಇಲ್ಲ ಅಂದರೆ ಹೊಸ ಕೆಲಸದ ದಿನಾಂಕ ಗೊತ್ತಾದ ಮೇಲೆಯೇ ನೋಟಿಸ್ ಕೊಡು, ಅಥವಾ ರೂಮ್ ಬಿಟ್ಟು ಊರಿಗೆ ಬಂದುಬಿಡು. ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ನಂಬಿಕೊಂಡು ಕೂರಬೇಡ. ಅದಕ್ಕೆ ಚಾಲನೆ ಸಿಕ್ಕಿದ್ದು ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲೇ, 2024ರ ಜನವರಿ 12ಕ್ಕೆ, ಆದರೆ ಅದು 2022-23ರಿಂದ ಈಚೆಗೆ ಪಾಸಾಗಿ ಆರು ತಿಂಗಳು ಕೆಲಸ ಸಿಗದವರಿಗೆ. ನೀನು ಅದಕ್ಕೂ ಮೊದಲೇ ಪಾಸಾದವನು.

ಆಗುಂಬೆ ರಸ್ತೆಯಲ್ಲಿ ಸಣ್ಣ ತಿಂಡಿ ಗಾಡಿ ಇಡುತ್ತೇನೆ ಅಂದೆಯಲ್ಲ, ಅದು ನನಗೆ ತುಂಬಾ ಹಿಡಿಸಿತು. ಶನಿವಾರ ಭಾನುವಾರ ಕುಪ್ಪಳಿ, ಕುಂದಾದ್ರಿ, ಆಗುಂಬೆ ಅಂತ ಕಾರುಗಳು ಹೋಗುವುದನ್ನು ನಾನು ಇಲ್ಲಿ ನಮ್ಮ ಗೊಬ್ಬರದ ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಲೇ ಇರುತ್ತೇನೆ. ನಿನ್ನ ಕೈಯಲ್ಲಿ ಕಸುಬು ಇದೆ. ಮೊದಲು ಬಂದ ಮಾಲು ಮೊದಲು ಖರ್ಚಾಗಬೇಕು ಅನ್ನೋದು, ಹಸಿ ಕೋಳಿ ಮುಟ್ಟಿದ ಕೈಯಲ್ಲಿ ಬನ್ ಮುಟ್ಟಬಾರದು ಅನ್ನೋದು, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹೆಚ್ಚುವ ಪೋಲಾರ್ ಅಂಶ (ಎಣ್ಣೆ ಕೆಟ್ಟಿದ್ದರ ಗುರುತು) ನೂರಕ್ಕೆ 25 ದಾಟಿದರೆ ಚೆಲ್ಲಲೇಬೇಕು ಅನ್ನೋದು, ಇದೆಲ್ಲ ನಿನಗೆ ರೂಢಿ. ರಸ್ತೆ ಬದಿಯಲ್ಲಿ ಇಷ್ಟು ಶುಚಿಯಾಗಿ ಮಾಡುವವರು ಕಡಿಮೆ. ಆದರೆ ಮಳೆಗಾಲ ನೆನಪಿರಲಿ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಾಗದಲ್ಲಿ ತಗಡಿನ ಮಾಡು ಇಲ್ಲದೆ ಗಾಡಿ ನಿಲ್ಲುವುದಿಲ್ಲ. ಹಾಗಾಗಿ ಮಳೆ ಪೂರ್ತಿ ನಿಂತ ಮೇಲೆ ಶುರು ಮಾಡು, ಮೊದಲು ವಾರದ ಕೊನೆಯಲ್ಲಿ ಮಾತ್ರ, ಉಳಿದ ದಿನ ತೋಟದ ಕೆಲಸ. ಸಾಲ ಮಾಡಿ ದೊಡ್ಡ ಫ್ರೈಯರ್ ತರಬೇಡ, ಒಂದು ಬಾಣಲೆ ಸಾಕು. ಆಹಾರ ಸುರಕ್ಷತೆಯ (ಎಫ್‌ಎಸ್‌ಎಸ್‌ಎಐ) ನೋಂದಣಿ ಮರೆಯಬೇಡ. ಸಣ್ಣ ವ್ಯಾಪಾರಕ್ಕೆ ಅದರ ಶುಲ್ಕ ಜಾಸ್ತಿ ಏನೂ ಇಲ್ಲ.

ತೋಟದ ಮಾತು ಬಂತು ಅಂತ ಹೇಳುತ್ತೇನೆ. ಅಪ್ಪನಿಗೆ ಮೊದಲೇ ತಿಳಿಸು. ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಾಗ ಗೊತ್ತಾದರೆ ಅವರಿಗೆ ಗಾಬರಿ ಆಗುತ್ತದೆ. ಕಳೆದ ವಾರ ನಮ್ಮ ಗೊಬ್ಬರದ ಅಂಗಡಿಗೆ ತೋಟಕ್ಕೆ ಹೊಡೆಯುವ ಮೈಲುತುತ್ತ ತಗೊಳ್ಳಲು ಬಂದಿದ್ದರು. ನಾನು ಏನೂ ಹೇಳಲಿಲ್ಲ. "ಈ ಸಲ ಅಡಿಕೆ ಕೊನೆ ತೆಗೆಯೋಕೆ ಜನ ಸಿಗ್ತಾರೋ ಇಲ್ವೋ" ಅಂತ ಅವರೇ ಅಂದರು. ಕೊಯ್ಲು, ಸುಲಿತ ಶುರುವಾದರೆ ಮನೆಯಲ್ಲಿ ಒಬ್ಬ ಗಂಡಾಳು ಇದ್ದಷ್ಟೂ ಉಳಿತಾಯ. ನೀನು ಬಂದು ಅವರಿಗೆ ಹೊರೆ ಆಗುತ್ತೀಯ ಅನ್ನೋ ಯೋಚನೆ ಬಿಟ್ಟುಬಿಡು.

ಗಣಪತಿ ಹಬ್ಬ ಮುಗಿಯಿತು. ಒಂದು ತಿಂಗಳ ನೋಟಿಸ್ ಅಂತ ಇದ್ದರೂ ಈ ವಾರ ಕೊಟ್ಟರೆ ಭೂಮಿ ಹುಣ್ಣಿಮೆಯ ಹೊತ್ತಿಗೆ ನೀನು ಮನೆಯಲ್ಲಿರಬಹುದು. ಎರಡು ವರ್ಷದಿಂದ ಹುಣ್ಣಿಮೆಗೂ ಬರಲಿಲ್ಲ, ದೀಪಾವಳಿಯ ಗೋಪೂಜೆಗೂ ಬರಲಿಲ್ಲ, ಎಳ್ಳಮಾವಾಸ್ಯೆ ಜಾತ್ರೆಗೆ ರಾತ್ರಿ ಬಂದು ಬೆಳಗಿನ ಬಸ್ಸಿಗೇ ವಾಪಸ್ ಓಡಿದೆ. ಅಮ್ಮ ಪ್ರತಿ ಸಲ ನನ್ನನ್ನೇ ಕೇಳುತ್ತಾರೆ.

ಕೊನೆಯ ದಿನದವರೆಗೆ ಎಂದಿನ ಹಾಗೆ ಕೆಲಸ ಮಾಡು. ಹೊಸ ಹುಡುಗನಿಗೆ ಫ್ರೈಯರ್ ತೊಳೆಯುವುದನ್ನು ಸರಿಯಾಗಿ ಕಲಿಸು, ಎಣ್ಣೆ ತಣ್ಣಗಾದ ಮೇಲೆ ಅಂತ ಮತ್ತೆ ಮತ್ತೆ ಹೇಳು. ಯೂನಿಫಾರ್ಮ್, ಲಾಕರ್ ಕೀ ಕೊಟ್ಟಾಗ ಕೊಟ್ಟಿದ್ದಕ್ಕೆ ಸಹಿ ತಗೋ. ಖಾಲಿ ಕಾಗದಕ್ಕೆ ಮಾತ್ರ ಸಹಿ ಹಾಕಬೇಡ, "ಎಲ್ಲ ಲೆಕ್ಕ ಚುಕ್ತಾ" ಅನ್ನೋ ಕಾಗದಕ್ಕೆ ದುಡ್ಡು ಖಾತೆಗೆ ಬಂದ ಮೇಲೆಯೇ ಹಾಕು.

ಮಂಗಳವಾರ ನಿನಗೆ ವಾರದ ರಜೆ, ಅಲ್ವಾ? ನಿದ್ದೆ ಮಾಡಿ ಎದ್ದು, ಊಟ ಮಾಡಿ, ಆಫರ್ ಲೆಟರ್ ಮುಂದೆ ಇಟ್ಟುಕೊಂಡು ಫೋನ್ ಮಾಡು. ರಾಜೀನಾಮೆ ಇಬ್ಬರೂ ಸೇರಿ ಬರೆಯೋಣ. ಅಲ್ಲಿವರೆಗೆ ದಯವಿಟ್ಟು ಪಾಳಿ ತಪ್ಪಿಸಬೇಡ.

ಇಂತಿ ನಿನ್ನ ಗೆಳೆಯ,
ತೀರ್ಥಹಳ್ಳಿಯಿಂದ