ಡೇಟಾಬೇಸಿಗೆ ಎಷ್ಟು ವೇಗ ಸಾಕು

ಚಿ. ಅನಘಾಳಿಗೆ ಆಶೀರ್ವಾದಗಳು.

ಪೋಸ್ಟ್‌ಗ್ರೆಸ್ ಡೇಟಾಬೇಸ್ ಇನ್ನೂ ಚುರುಕಾಗಬೇಕೆಂದು ದಿನಕ್ಕೊಂದು ಸೆಟ್ಟಿಂಗ್ ಬದಲಿಸುತ್ತಿದ್ದೇನೆಂದು ನೀನು ಬರೆದಿದ್ದೆ. ಎಷ್ಟು ಚುರುಕಾದರೆ ಸಾಕು ಅಂತ ಬರೆದಿರಲಿಲ್ಲ. ಮೊದಲು ಅದನ್ನು ಗೊತ್ತುಮಾಡಿಕೊ. ದಟ್ಟಣೆಯ ಹೊತ್ತಿನಲ್ಲೂ ನೂರಕ್ಕೆ 95 ವಿನಂತಿಗಳಿಗೆ 200 ಮಿಲಿಸೆಕೆಂಡಿನೊಳಗೆ ಉತ್ತರ ಹೋಗಬೇಕು, ಇಂಥದೊಂದು ಗುರಿಯನ್ನು ತಂಡದವರೊಂದಿಗೆ ಕೂತು ಬರೆದಿಡು. ಅದು ದಕ್ಕಿದ ದಿನ ಕೈ ತೆಗೆ.

ದಕ್ಕದಿದ್ದರೆ, ಕ್ವೆರಿಗಳ (ಡೇಟಾಬೇಸಿಗೆ ಕೊಡುವ ಆದೇಶಗಳ) ಲೆಕ್ಕವಿಡುವ ಪಿಜಿ_ಸ್ಟಾಟ್_ಸ್ಟೇಟ್‌ಮೆಂಟ್ಸ್‌ನಲ್ಲಿ ಒಟ್ಟು ಸಮಯ ಹೆಚ್ಚು ತಿಂದವುಗಳನ್ನು ಮೊದಲು ನೋಡು. ಒಂದು ಸಲಕ್ಕೆ 3 ಸೆಕೆಂಡು ಹಿಡಿದು ದಿನಕ್ಕೊಮ್ಮೆ ಓಡುವ ವರದಿಗಿಂತ, 5 ಮಿಲಿಸೆಕೆಂಡಿನದು ಲಕ್ಷ ಸಲ ಓಡುವುದೇ ಭಾರ. ಕ್ವೆರಿ ಹೇಗೆ ನಡೆಯಿತೆಂದು ತೋರಿಸುವ ಎಕ್ಸ್‌ಪ್ಲೇನ್ ಅನಲೈಸ್‌ನಲ್ಲಿ ಅಂದಾಜಿನ ಸಾಲುಗಳಿಗೂ ನಿಜವಾಗಿ ಬಂದ ಸಾಲುಗಳಿಗೂ ನೂರು ಪಟ್ಟು ಅಂತರವಿದ್ದರೆ, ಟೇಬಲ್ಲಿನ ಅಂಕಿಅಂಶವನ್ನು ಹೊಸದಾಗಿ ಸಂಗ್ರಹಿಸುವ ಅನಲೈಸ್ ಆಜ್ಞೆಯನ್ನು ಓಡಿಸಿ ನೋಡು. ಹೊಸ ಇಂಡೆಕ್ಸಿನ (ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿಯ) ಯೋಚನೆ ಆಮೇಲೆ. ಎಚ್ಚರ, ಎಕ್ಸ್‌ಪ್ಲೇನ್ ಅನಲೈಸ್ ಕ್ವೆರಿಯನ್ನು ನಿಜಕ್ಕೂ ನಡೆಸುತ್ತದೆ. ಅಪ್‌ಡೇಟ್, ಡಿಲೀಟ್‌ಗಳಾದರೆ ಬಿಗಿನ್, ರೋಲ್‌ಬ್ಯಾಕ್ ನಡುವೆ ಇಡು, ಮಾಡಿದ ಬದಲಾವಣೆ ರದ್ದಾಗುತ್ತದೆ.

ವಿನಂತಿಯ 300 ಮಿಲಿಸೆಕೆಂಡಿನಲ್ಲಿ ಡೇಟಾಬೇಸಿನ ಪಾಲು 30 ಮಾತ್ರವೇ? ಅದನ್ನು ಸೊನ್ನೆಗಿಳಿಸಿದರೂ 270 ಉಳಿಯುತ್ತದೆ. ಅಲ್ಲಿಗೆ ಡೇಟಾಬೇಸ್ ಬಿಟ್ಟು ಅಪ್ಲಿಕೇಶನ್ ಕೋಡಿಗೆ ಹೋಗು.

ಅತಿಯಾದರೆ ಕೆಡುಕೂ ಇದೆಯಮ್ಮ, ನನಗೆ ಹೆಚ್ಚು ಆತಂಕ ಇದರದ್ದೇ. ವರ್ಕ್_ಮೆಮ್, ಅಂದರೆ ಕ್ವೆರಿಯ ಒಳಗಿನ ಕೆಲಸಕ್ಕೆ ಕೊಡುವ ಮೆಮೊರಿ, ಡಿಫಾಲ್ಟ್ 4 ಎಂಬಿ. ಅದು ಇಡೀ ಸರ್ವರಿಗಲ್ಲ, ಕ್ವೆರಿಯೊಳಗಿನ ಒಂದೊಂದು ಸಾರ್ಟಿಗೂ (ವಿಂಗಡಣೆಗೂ) ಒಂದೊಂದು ಹ್ಯಾಶಿಗೂ (ಹೊಂದಿಸಿ ಹುಡುಕಲು ಕಟ್ಟುವ ಪಟ್ಟಿಗೂ) ಬೇರೆಬೇರೆ. 64 ಎಂಬಿ ಮಾಡಿದೆಯೆನ್ನು: 100 ಕನೆಕ್ಷನ್, ತಲಾ ಎರಡು ಸಾರ್ಟ್ ಒಟ್ಟಿಗೆ ಬಂದರೆ 12 ಜಿಬಿ ದಾಟುತ್ತದೆ. ಮೆಮೊರಿ ಮುಗಿದು ಲಿನಕ್ಸ್ ಒಂದು ಪ್ರೊಸೆಸ್ ಕೊಂದರೆ ಉಳಿದ ಕನೆಕ್ಷನ್‌ಗಳೂ ಕಡಿದುಹೋಗುತ್ತವೆ. ದಿನಕ್ಕೊಮ್ಮೆಯ ಆ ವರದಿಯೊಂದಕ್ಕೇ ಬೇಕಿದ್ದರೆ ಆ ಸೆಶನ್ನಿನಲ್ಲಷ್ಟೇ ಏರಿಸು.

ಇಂಡೆಕ್ಸೂ ಹಾಗೆಯೇ. ಇನ್ಸರ್ಟ್ ಆದಾಗಲೆಲ್ಲ ಅದನ್ನೂ ಬರೆಯಬೇಕು. ಪದೇಪದೇ ಬದಲಾಗುವ ಕಾಲಮಿಗೆ ಇಂಡೆಕ್ಸ್ ಹಾಕಿದರೆ ಹಾಟ್ ಅಪ್‌ಡೇಟ್ (ಇಂಡೆಕ್ಸ್ ಮುಟ್ಟದೆ ಸಾಲು ಬದಲಿಸುವ ಹಗುರ ದಾರಿ) ತಪ್ಪಿ ಟೇಬಲ್ ಉಬ್ಬುತ್ತದೆ, ಸತ್ತ ಸಾಲುಗಳನ್ನು ಗುಡಿಸುವ ವ್ಯಾಕ್ಯೂಮಿಗೆ ಕೆಲಸ ಏರುತ್ತದೆ. ಐಡಿಎಕ್ಸ್_ಸ್ಕ್ಯಾನ್ (ಇಂಡೆಕ್ಸನ್ನು ಬಳಸಿದ ಸಲಗಳ ಎಣಿಕೆ) ಬಹುಕಾಲ ಸೊನ್ನೆಯಿದ್ದ ಇಂಡೆಕ್ಸನ್ನು ತೆಗೆಯಬಹುದು. ಆದರೆ ರೆಪ್ಲಿಕಾದಲ್ಲೂ (ಡೇಟಾದ ನಕಲಿಟ್ಟ ಇನ್ನೊಂದು ಸರ್ವರಿನಲ್ಲೂ) ನೋಡು, ಅಲ್ಲಿನ ಲೆಕ್ಕ ಬೇರೆ. ಒಂದೇ ಮೌಲ್ಯ ಎರಡು ಸಲ ಬಾರದಂತೆ ಕಾಯುವ ಯುನೀಕ್ ಇಂಡೆಕ್ಸನ್ನು ಮಾತ್ರ ಮುಟ್ಟಬೇಡ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು, ಸೆಟ್ಟಿಂಗಿನ ಹಳೆಯ ಮೌಲ್ಯ ಬರೆದಿಡು. ಏನೂ ಬದಲಿಸದೆ ಅದೇ ಪರೀಕ್ಷೆಯನ್ನು ಐದು ಸಲ ಓಡಿಸಿದಾಗ ಫಲಿತಾಂಶ ಶೇ. 5ರಷ್ಟು ಹೊಯ್ದಾಡುತ್ತಿದ್ದರೆ, ನಿನಗೆ ಕಂಡ ಶೇ. 3ರ ಲಾಭವನ್ನು ನಂಬಬೇಡ. ಹಳೆಯ ಮೌಲ್ಯಕ್ಕೇ ಮರಳಿಸು.

ನಿಲ್ಲಿಸುವಾಗ ಆ 200 ಮಿಲಿಸೆಕೆಂಡಿಗೆ ಅಲರ್ಟ್ ಇಟ್ಟು ಬಾ. ಡೇಟಾ ಬೆಳೆದು ಆ ಅಲರ್ಟ್ ಬಂದಾಗ ಮತ್ತೆ ಕೈಹಾಕಿದರಾಯಿತು.

ಇಂತಿ ನಿನ್ನ ಸೋದರಮಾವ