ಕಪ್ಪೆ ತರುವ ಮುಂಚೆ, ಮಗಳಿಗೊಂದು ಪತ್ರ

ಪುಟ್ಟೀ,

ಹುಟ್ಟುಹಬ್ಬಕ್ಕೆ ಗಾಜಿನ ತೊಟ್ಟಿ ತಂದು ಎರಡು ಪುಟಾಣಿ ಕಪ್ಪೆ ಬಿಡ್ತೀವಿ ಅಂದೆಯಲ್ಲ, ಫೋನಲ್ಲಿ ನಕ್ಕು ಸುಮ್ಮನಾದೆ. ಆದರೆ ಇಷ್ಟು ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿದವಳು, ಸುಮ್ಮನಿರೋಕೆ ಆಗಲಿಲ್ಲ.

ಮೊಮ್ಮಗನಿಗೆ ಈಗಷ್ಟೇ ನಾಲ್ಕು ತುಂಬುತ್ತಿದೆ. ಐದು ವರ್ಷದೊಳಗಿನ ಮಕ್ಕಳು ಕಪ್ಪೆಯನ್ನಾಗಲಿ, ಅದರ ನೀರನ್ನಾಗಲಿ ಮುಟ್ಟಬಾರದು ಅಂತ ನಿಮ್ಮ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯೇ ಹೇಳುತ್ತದೆ. ಕಾರಣ ಇದೆ. 2008ರಿಂದ 2011ರವರೆಗೆ ಅಲ್ಲಿನ 44 ರಾಜ್ಯಗಳಲ್ಲಿ 376 ಜನಕ್ಕೆ ಸಾಲ್ಮೊನೆಲ್ಲಾ ಅನ್ನೋ, ಜ್ವರ-ಭೇದಿ ತರುವ ಬ್ಯಾಕ್ಟೀರಿಯಾ ತಗುಲಿತ್ತು, ಹೆಚ್ಚಿನವರು ಹತ್ತು ವರ್ಷದೊಳಗಿನ ಮಕ್ಕಳು. ಮೂಲ ಹುಡುಕುತ್ತಾ ಹೋದವರು ಮುಟ್ಟಿದ್ದು ಕ್ಯಾಲಿಫೋರ್ನಿಯಾದ ಒಂದು ಕಪ್ಪೆ ಸಾಕಣೆ ಕೇಂದ್ರವನ್ನು. ಕಪ್ಪೆ ಯಾವುದು ಗೊತ್ತಾ? ನೀನು ಹೇಳಿದ್ದೇ, ಆಫ್ರಿಕನ್ ಡ್ವಾರ್ಫ್ ಫ್ರಾಗ್.

ಮೀನಿನ ಹಾಗೆ ಸದಾ ನೀರಲ್ಲೇ ಇರುತ್ತವೆ, ನೋಡೋಕೂ ಚೊಕ್ಕ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಬ್ಯಾಕ್ಟೀರಿಯಾ ಇರುವುದು ಕಪ್ಪೆಯ ಕರುಳಿನಲ್ಲಿ. ಕಪ್ಪೆ ಆರಾಮಾಗೇ ಇರುತ್ತದೆ, ಹಿಕ್ಕೆಯ ಜೊತೆ ಬ್ಯಾಕ್ಟೀರಿಯಾ ನೀರಿಗೆ ಸೇರಿ ತಳದ ಕಲ್ಲಿಗೂ ಗಾಜಿಗೂ ಅಂಟುತ್ತದೆ. ಇವತ್ತು ಹಿಕ್ಕೆಯಲ್ಲಿ ಬಂದದ್ದು ನಾಳೆ ಬರದೇ ಇರಬಹುದು. ಹಾಗಾಗಿ ಅಂಗಡಿಯವನು ಟೆಸ್ಟ್ ಮಾಡಿಸಿದ ರಿಪೋರ್ಟ್ ತೋರಿಸಿದರೂ ನಾನಂತೂ ನಂಬುವವಳಲ್ಲ. ಕಪ್ಪೆಯನ್ನು ಮುಟ್ಟಲೇಬೇಕು ಅಂತಿಲ್ಲ. ನಿನ್ನ ಮಗ ತೊಟ್ಟಿಯ ಅಂಚಿಗೆ ಜೋತುಬೀಳುತ್ತಾನೆ, ಅಂಗಿಯ ತೋಳು ಒದ್ದೆಯಾಗುತ್ತದೆ, ಎರಡು ನಿಮಿಷಕ್ಕೆ ಅದೇ ತೋಳು ಬಾಯಲ್ಲಿ! ಅಷ್ಟು ಸಾಕು.

ಕಪ್ಪೆ ಮುಟ್ಟಿದರೆ ನರಹುಲಿ ಏಳುತ್ತೆ ಅಂತ ಯಾರಾದರೂ ಹೆದರಿಸಿದರೆ ಮಾತ್ರ ಕಿವಿಗೆ ಹಾಕಿಕೊಳ್ಳಬೇಡ. ನರಹುಲಿ ಮನುಷ್ಯರ ವೈರಸ್ಸಿನಿಂದ ಬರುವುದು, ಕಪ್ಪೆಗೂ ಅದಕ್ಕೂ ಸಂಬಂಧವಿಲ್ಲ.

ನನ್ನ ಕೇಳಿದರೆ ಇನ್ನೆರಡು ವರ್ಷ ತಡೆಯಿರಿ. ತಂದೇ ತರುತ್ತೀವಿ ಅಂದರೆ, ತೊಟ್ಟಿ ಅಡುಗೆಮನೆಯಲ್ಲೂ ಬೇಡ, ಅವನು ಮಲಗುವ ಕೋಣೆಯಲ್ಲೂ ಬೇಡ. ನೀರು ಬದಲಿಸುವುದು ದೊಡ್ಡವರ ಕೆಲಸ, ಅಳಿಯಂದಿರಿಗೇ ವಹಿಸು. ಆ ನೀರನ್ನು ಪಾತ್ರೆ ತೊಳೆಯುವ ಸಿಂಕಿಗೆ ಸುರಿಯುವಂತಿಲ್ಲ, ಟಾಯ್ಲೆಟ್ಟಿಗೆ ಹಾಕಿ. ಬಕೆಟ್ಟು, ಜಾಲರಿ ಅದಕ್ಕೇ ಮೀಸಲಿರಲಿ. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಇಪ್ಪತ್ತು ಸೆಕೆಂಡ್ ಕೈ ಉಜ್ಜಿ ತೊಳೆಯಬೇಕು. ಕೊಳೆ ಮೆತ್ತಿದ ಕೈಗೆ ಸ್ಯಾನಿಟೈಜರ್ ಸಾಲದು. ಹಾಗಂತ ಲೋಷನ್ನೋ ಸೋಪಿನ ಜಿಡ್ಡೋ ಇರುವ ಕೈಯನ್ನು ತೊಟ್ಟಿಗೆ ಇಳಿಸಬೇಡಿ. ಕಪ್ಪೆಯ ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ, ಪಾಪದ್ದು.

ಅವನಿಗೇನಾದರೂ ಜ್ವರ, ಹೊಟ್ಟೆ ನುಲಿತ, ಭೇದಿ ಶುರುವಾದರೆ, ಮನೆಯಲ್ಲಿ ಕಪ್ಪೆ ಇದೆ ಅಂತ ಡಾಕ್ಟರಿಗೆ ಮೊದಲೇ ಹೇಳು. ಅವರಾಗಿ ಕೇಳಲಿ ಅಂತ ಕಾಯಬೇಡ.

ನಿನ್ನ,
ಅಮ್ಮ